ಬಲಬದಿಯ ಬಾಗಿಲು

ನಮ್ಮ ದ್ವೀಪ ಎಷ್ಟು ದೊಡ್ಡದು ಎಂದು ಕೇಳಿದರೆ
ಎಂಡೆಲ್ ಪೆಟ್ರೋಲಿನ ಲೆಕ್ಕದಲ್ಲಿ ಹೇಳುತ್ತಾನೆ:
ಈ ತುದಿಯಿಂದ ಆ ತುದಿಗೆ ಅರ್ಧ ಟ್ಯಾಂಕು,
ದಾರಿ ತಪ್ಪದಿದ್ದರೆ.
ನಾವು ತಪ್ಪದ ಭಾನುವಾರವಿಲ್ಲ.

ಕಾರು ಹಳೆಯ ಝಿಗುಲಿ. ನಾನು ಕೂರುವ
ಬಲಬದಿಯ ಬಾಗಿಲು ಒಳಗಿನಿಂದ ತೆರೆಯದು.
ಅವನೇ ಇಳಿದು, ಸುತ್ತಿ ಬಂದು, ಹಿಡಿ ಎಳೆಯಬೇಕು.
ನೋಡಿದವರು ಎಂಥ ಮರ್ಯಾದಸ್ಥ ಗಂಡ ಅನ್ನುತ್ತಾರೆ.
ನಾನು ಸುಮ್ಮನಿರುತ್ತೇನೆ.

ನನ್ನ ಹೆಸರು ಲೈನೆ. ನಮ್ಮ ಮಾತಿನಲ್ಲಿ ಅಲೆ.
ಒಳನಾಡಿನ ಆಲೂಗಡ್ಡೆ ಹೊಲದ ಮಗುವಿಗೆ
ಅಪ್ಪ ಯಾಕೆ ಈ ಹೆಸರಿಟ್ಟನೋ.
ಪರವಾನಗಿ ಚೀಟಿ ಹಿಡಿದು, ಮದುಮಗಳಾಗಿ
ಸಾರೆಮಾಗೆ ಬಂದಿಳಿದೆ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ಬಾರದೇ ಇದ್ದೆ, ಇಪ್ಪತ್ತೊಂದು ವರ್ಷ.

ನಮ್ಮೂರ ದಡ ಆಗ ದಡವಲ್ಲ, ಗಡಿ.
ಮುಳ್ಳುತಂತಿ, ಕಾವಲು ಗೋಪುರ,
ರಾತ್ರಿಯೆಲ್ಲ ನಿದ್ದೆಗೆಟ್ಟು ಅಲೆಯುವ ದೀಪದ ಕಣ್ಣು.
ಸಂಜೆ ಟ್ರ್ಯಾಕ್ಟರ್ ಬಂದು ಮರಳು ಬಾಚುತ್ತಿತ್ತು
ಶಾಲೆಗೆ ಹೊರಟ ಹುಡುಗಿಯ ತಲೆಯ ಹಾಗೆ,
ಒಂದು ಸಿಕ್ಕೂ ಉಳಿಯದಂತೆ.
ಬೆಳಿಗ್ಗೆ ಅಲ್ಲೊಂದು ಹೆಜ್ಜೆ ಕಂಡರೆ
ಯಾರದೋ ಮನೆಯ ಕದ ತಟ್ಟುತ್ತಿದ್ದರು.
ನರಿಗಳು ಮಾತ್ರ ನಡೆಯುತ್ತಿದ್ದವು. ನರಿಗೆಲ್ಲಿಯ ಪಾಸ್‌ಪೋರ್ಟು!
ನಮಗೆ ಸಿಕ್ಕಿದ್ದು ವಾಸನೆ,
ಗಾಳಿ ತಿರುಗಿದ ದಿನ, ಕೊಳೆತ ಕಡಲಪಾಚಿಯದು.
ಮಗಳು ಸಮುದ್ರದ ಚಿತ್ರ ಬರೆದು ತಂದಳು:
ನೀಲಿಯ ಮುಂದೆ ಬೇಲಿ.
ಬೇಲಿಯನ್ನೇ ಚೆನ್ನಾಗಿ ಬರೆದಿದ್ದಳು.

ಆಮೇಲೊಂದು ಬೇಸಿಗೆ ಕಾವಲಿನವರು ಹೊರಟುಹೋದರು.
ಗೋಪುರದ ಮೆಟ್ಟಿಲಲ್ಲಿ ಒಂಟಿ ಬೂಟು,
ಅರ್ಧ ಡಬ್ಬಿ ಗ್ರೀಸು.
ಎಂಡೆಲ್ ಗ್ರೀಸು ತಂದು ನನ್ನ ಬಾಗಿಲಿಗೆ ಬಳಿದ.
ಅದು ಆಗಲೂ ತೆರೆಯಲಿಲ್ಲ.
ನಾವು ದಡಕ್ಕೆ ಹೋಗಿ ಅಡ್ಡಾದಿಡ್ಡಿ ನಡೆದೆವು,
ಬೇಕೆಂದೇ, ಹಿಂತಿರುಗಿ ನೋಡುತ್ತಾ,
ಹೆಜ್ಜೆಯ ಮೇಲೆ ಹೆಜ್ಜೆ.
ಕತ್ತಲಾಯಿತು. ಟ್ರ್ಯಾಕ್ಟರ್ ಬರಲಿಲ್ಲ.
ನನ್ನ ಹೆಸರಿನದೇ ಒಂದು ಬಂದು
ಅಷ್ಟನ್ನೂ ಒರೆಸಿಕೊಂಡು ಹೋಯಿತು.

ಅಂದಿನಿಂದ ತಿರುಗುತ್ತಲೇ ಇದ್ದೇವೆ.
ಹಿತ್ತಲ ಗಿಡ ಮದ್ದಲ್ಲವಂತೆ; ನೆರೆಯ ವೈಕೆ
ಟರ್ಕಿಗೆ ಹೋಗಿ ಬಂದು ತೋಳಿನ ಬಿಸಿಲು ತೋರಿಸುತ್ತಾಳೆ.
ನಾವು ಕಾಲಿ ಹಳ್ಳಿಗೆ ಹೋಗಿ ಬಂದೆವು ಅನ್ನುತ್ತೇವೆ,
ಹತ್ತೊಂಬತ್ತನೆಯ ಸಲ.
ಅಲ್ಲಿ ಉಲ್ಕೆ ಬಿದ್ದಿತ್ತು. ಈಗ ಉಳಿದಿರುವುದು
ಬಿದ್ದ ಜಾಗ, ನೀರು ತುಂಬಿಕೊಂಡು.
ಅದರ ಅಂಚಿಗೆ ಕೂತು ಮೊಟ್ಟೆ ಸುಲಿಯುತ್ತೇವೆ,
ಕಪ್ಪು ಬ್ರೆಡ್ಡು, ಹೊಗೆಯಾಡಿಸಿದ ಮೀನು.
ಪಾಂಗಾದ ಕಡಿದಾದ ಬಂಡೆಯ ಮೇಲೆ
ಅವನು ನನ್ನ ಕೋಟಿನ ಪಟ್ಟಿ ಹಿಡಿದಿರುತ್ತಾನೆ, ಆಡು ಕಟ್ಟಿದವನಂತೆ.
ಬಿಡು ಮಾರಾಯ, ಎಪ್ಪತ್ತಾಯಿತು ನನಗೆ.
ಅದಕ್ಕೇ, ಅನ್ನುತ್ತಾನೆ.
ಸೋರ್ವೆಯ ದೀಪಸ್ತಂಭದಲ್ಲಿ ನನ್ನ ಮಂಡಿ
ಎಂಬತ್ತು ಮೆಟ್ಟಿಲೆಣಿಸಿ ಮುಷ್ಕರ ಹೂಡಿತು.
ಅವನೊಬ್ಬನೇ ಹತ್ತಿ, ಕಂಡದ್ದನ್ನೆಲ್ಲ ಕೂಗಿ ಹೇಳಿದ.
ಗಾಳಿ ನನಗೆ ಕೊಟ್ಟದ್ದು ಒಂದೇ ಮಾತು: ಹಸು.
ಸಮುದ್ರದಲ್ಲೆಲ್ಲಿಯ ಹಸುವೋ, ಇವತ್ತಿಗೂ ಕೇಳಿಲ್ಲ.

ಒಂದು ಚಳಿಗಾಲ ಸಮುದ್ರ ಹೆಪ್ಪುಗಟ್ಟಿ
ಹೀಯುಮಾ ದ್ವೀಪಕ್ಕೆ ಹಿಮದ ಮೇಲೆ ರಸ್ತೆ ಬಿಟ್ಟರು.
ಹೋಗೋಣ ಅಂದದ್ದು ನಾನೇ.
ದಡದಲ್ಲಿ ಫಲಕ: ಸೀಟುಪಟ್ಟಿ ಬಿಚ್ಚಿ.
ತೀರ ನಿಧಾನ ಹೋಗಿ, ಇಲ್ಲವೇ ಜೋರು; ನಡುವಣ ವೇಗ ಬೇಡ,
ಅಡಿಯ ನೀರು ಅಲೆಯೆದ್ದು ಹಿಮ ಸೀಳುತ್ತದೆ.
ಎಂಡೆಲ್ ಎರಡು ಸಲ ಓದಿದ.
ಇಳಿದು, ಸುತ್ತಿ ಬಂದು, ನನ್ನ ಬಾಗಿಲು ತೆರೆದ.
ನೀನು ಓಡಿಸು, ಬಿಳಿಯ ಮೇಲೆ ನನ್ನ ಕಣ್ಣು ನಿಲ್ಲುವುದಿಲ್ಲ.

ಇಪ್ಪತ್ತರಲ್ಲಿ ಓಡಿಸಿದೆ, ಬಸವನಹುಳುವಿನ ಹಾಗೆ.
ಚಕ್ರದಡಿ ಯಾರೋ ಹಲ್ಲು ಕಡಿದ ಸದ್ದು.
ಅವನು ತೊಡೆಯ ಮೇಲೆ ಕೈಯಿಟ್ಟು ಕೂತಿದ್ದ.
ನಡುಕಡಲಿಗೆ ಬಂದಾಗ ನನಗೆ ಹೊಳೆಯಿತು
ಅವನು ಕೂತಿರುವುದು ಯಾವ ಬಾಗಿಲ ಪಕ್ಕ ಎಂದು.
ಏನೂ ಅನ್ನಲಿಲ್ಲ. ವೇಗ ಬದಲಿಸುವಂತಿರಲಿಲ್ಲ.

ಆಚೆ ದಡದಲ್ಲಿ ಕಾರು ನಿಲ್ಲಿಸಿ
ಇಳಿದು, ಸುತ್ತಿ ಬಂದು, ಹಿಡಿ ಎಳೆದೆ.
ನೋಡಿದವರು ಯಾರೂ ಇರಲಿಲ್ಲ.
ಅವನು ತಕ್ಷಣ ಇಳಿಯಲಿಲ್ಲ.
ಸ್ವಲ್ಪ ಹೊತ್ತು ಕೂತೇ ಇದ್ದ, ರಾಣಿಯ ಹಾಗೆ.